ಅರ್ಧ ಗಂಟೆಗೆ ನಿಲ್ಲುವ ಕಂಪ್ಯೂಟರು

"ಮತ್ತೆ ನಿಂತ್ಹೋಯ್ತು ನೋಡಿ," ಅಂದಳು ಪ್ರತಿಮಾ.

ಸ್ಕ್ರೀನ್ ಮೇಲೆ ಮೌಸಿನ ಬಾಣ ಅಲ್ಲಾಡಲಿಲ್ಲ. ಆನ್ ಮಾಡಿ ಸರಿಯಾಗಿ ಅರ್ಧ ಗಂಟೆ.

ರಿಪೇರಿ ಬ್ಯಾಗ್ ಹೊತ್ಕೊಂಡು ಅರಸೀಕೆರೆಯಿಂದ ಬಸ್ತಿಹಳ್ಳಿಗೆ ನಾನು ಬಂದದ್ದು ಇದು ಮೂರನೇ ಸಲ. ಹಿಂದಿನ ಎರಡೂ ಸಲ ವಿಂಡೋಸ್ ಹೊಸದಾಗಿ ಹಾಕಿ ಹೋಗಿದ್ದೆ. ಕಂಪ್ಯೂಟರ್ ಡಬ್ಬ ಬಿಚ್ಚೋಕೆ ಅವಳ ಅತ್ತೆ ವೆಂಕಟಲಕ್ಷ್ಮಮ್ಮ ಬಿಡಲಿಲ್ಲ. ಅದು ತೀರಿಹೋದ ಮಗನದು, ಅಂದ್ರೆ ಪ್ರತಿಮಾಳ ಗಂಡನದು. ಎರಡು ವರ್ಷದಿಂದ ಅದಕ್ಕೆ ಅವನ ಟವೆಲ್ ಹೊದಿಸಿ, ಎರಡು ಹೊತ್ತೂ ಊದುಬತ್ತಿ ಹಚ್ತಾರೆ.

"ಇವಳು ಕೆಲಸಕ್ಕೆ ಹೋಗೋದು ನನ್ ಮಗಂಗೆ ಇಷ್ಟ ಇಲ್ಲ ಕಣಪ್ಪ," ಅಡುಗೆಮನೆಯಿಂದ ಅತ್ತೆ ಕೂಗಿದರು. "ಅದ್ಕೇ ನಿಲ್ಲಿಸ್ತಾನೆ."

ಅವಳ ಕೆಲಸದ ಅರ್ಜಿಗೆ ಇವತ್ತೇ ಕೊನೆ ದಿನ.

"ಸೈಬರ್‌ಗೆ ಹೋಗಿ ಹಾಕ್ಬಹುದಿತ್ತಲ್ಲ?" ಅಂದೆ.

"ನಮ್ಮನೆಯವರ ಮುಂದೆ ಕೂತೇ ಹಾಕ್ಬೇಕು ಅನ್ನಿಸ್ತು ಮಧು."

ಮೈ ಉರೀತು. ಎಂಟನೇ ಕ್ಲಾಸಲ್ಲೇ ಮೇಷ್ಟ್ರ ಜತೆ ಜಗಳ ಆಡಿ ಸ್ಕೂಲ್ ಬಿಟ್ಟೋನು ನಾನು. ಬದುಕಿರೋರ ಮೇಲೆ ಸಿಟ್ಟು ಮಾಡಿ ಗೊತ್ತು. ಸತ್ತೋನ ಮೇಲೆ ಹೆಂಗೆ ಮಾಡೋದು?

"ಇವತ್ತು ಬಿಚ್ಚೇ ಬಿಚ್ತೀನಿ."

"ಬಿಚ್ಚಿ," ಅಂದಳು. ಕಣ್ಣಂಚಲ್ಲಿ ನನ್ನೇ ನೋಡ್ತಾ, "ಸಿಟ್ಟು ಬಂದ್ರೆ ನಿಮ್ಮ ಕಿವಿ ಕೆಂಪಾಗುತ್ತೆ, ಗೊತ್ತಾ?"

ಟವೆಲ್ ತೆಗೆದು ಡಬ್ಬ ಬಿಚ್ಚಿದೆ. ಒಳಗಿನ ಫ್ಯಾನ್ ಕಾಣ್ತಾನೇ ಇರಲಿಲ್ಲ. ಊದುಬತ್ತಿ ಬೂದಿ, ಹೊಗೆಯ ಜಿಡ್ಡು, ಟವೆಲಿನ ನೂಲು ಸೇರಿ ಗಟ್ಟಿಯಾಗಿ ಕೂತಿತ್ತು. ಗಾಳಿ ಆಡದೆ ಕಾದು ಕಾದು ನಿಲ್ತಿತ್ತು, ಅಷ್ಟೇ.

"ನೋಡಿ, ಇದೇ ನಿಮ್ಮ ದೆವ್ವ!" ಗೆದ್ದೋನ ಹಂಗೆ ನಕ್ಕೆ.

ಅವಳು ನಗಲಿಲ್ಲ. "ನಿಂತಾಗೆಲ್ಲ ಅವರು ಕೇಳಿಸ್ಕೊಳ್ತಿದಾರೆ ಅಂತ ಎಷ್ಟೋ ಮಾತಾಡ್ತಿದ್ದೆ. ಹಾಗಾದ್ರೆ ಇಲ್ಲಿ ಯಾರೂ ಇರ್ಲಿಲ್ವಾ?"

ಸ್ಕ್ರೂಡ್ರೈವರ್ ಕೆಳಗಿಟ್ಟೆ.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಬೂದಿ ನೋಡಿದರು, ತಮ್ಮ ಬೆರಳು ನೋಡಿಕೊಂಡರು. "ಅವನಲ್ವಾ? ನಿಲ್ಲಿಸ್ತಿದ್ದಿದ್ದು ನಾನೇನಾ?" ಅಂದು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ನಾನು ಬೂದಿ ಊದಲಿಲ್ಲ. ಬ್ರಷ್ಷಲ್ಲಿ ಮೆತ್ತಗೆ ಬಿಡಿಸಿ ಪೇಪರಿಗೆ ಹಾಕಿಕೊಟ್ಟೆ. ಅವಳು ಅದನ್ನು ತುಳಸಿ ಬುಡಕ್ಕೆ ಸುರಿದು ಬಂದಳು.

ಫ್ಯಾನ್ ತಿರುಗಿತು. ಅವಳು ಅರ್ಜಿ ತುಂಬೋಕೆ ಕೂತಳು. ಅರ್ಧ ಗಂಟೆ ಹತ್ತಿರ ಬಂದಾಗ ಇಬ್ಬರೂ ಉಸಿರು ಹಿಡಿದೆವು. ಬಾಣ ಅಲ್ಲಾಡ್ತಾನೇ ಇತ್ತು. ಅರ್ಜಿ ಹೋಯಿತು.

"ಇನ್ನು ಕೆಡಲ್ವಾ?"

"ಇಲ್ಲ."

"ಹಾಗಾದ್ರೆ ನೀವೂ ಬರಲ್ಲ."

"ಕೆಡದಿದ್ರೂ ಬತ್ತೀನಿ. ಮೊದಲನೇ ಸಲ ಬಂದಾಗಿಂದ್ಲೇ ನಿಮಗೋಸ್ಕರ ಬತ್ತಿರೋದು."

ಅವಳು ಟವೆಲ್ ಎತ್ತಿ ಮಡಚಿಟ್ಟಳು. ಆಮೇಲೆ ಅಂದಳು, "ಭಾನುವಾರ ಬನ್ನಿ. ಈ ಮಾತು ಅತ್ತೆ ಮುಂದೆ ಹೇಳಿ. ನಾನು ಪಕ್ಕದಲ್ಲೇ ನಿಂತಿರ್ತೀನಿ."

ಬೀದಿಗೆ ಬಂದು ತಿರುಗಿದೆ. ಅವಳು ಕಿಟಕಿಯಲ್ಲಿದ್ದಳು. ಹಿಂದೆ ಕತ್ತಲಲ್ಲಿ ಇನ್ಯಾರೋ ನಿಂತಂಗಾಯ್ತು.

ಆ ಸತ್ತೋನ ಮೇಲೆ ಸಿಟ್ಟು ಬರಲಿಲ್ಲ. ಅವನಿಗೂ ಒಂದು ಸಲ ತಲೆ ಬಾಗಿಸಿ, ಬಸ್ಸಿಗೆ ನಡೆದೆ.