ರೆಪ್ಪೆಯ ಮೇಲಿನ ಪುಡಿ

"ಏನ್ರೀ, ಇಲ್ಲಿ ಎಲ್ರೂ ಇಷ್ಟೊಂದು ಪೌಡರ್ ಹಾಕ್ಕೊಂಡೇ ಕೆಲಸಕ್ಕೆ ಬರ್ತೀರಾ?"

ಕೇಳಿದವನು ಶ್ಯಾಮಸುಂದರ, ಆರೋಗ್ಯ ಇಲಾಖೆಯ ಗುಮಾಸ್ತ. ಪೀಣ್ಯದ ಆ ಗಿರಣಿಯಲ್ಲಿ ಬಳಪದ ಕಲ್ಲು ಅರೆದು ಪುಡಿ ಮಾಡುತ್ತಿದ್ದರು. ಚೀಲ ತುಂಬುವ ಹೆಂಗಸರ ಕೂದಲು, ಹುಬ್ಬು, ಸೀರೆಯ ಮಡಿಕೆ ಎಲ್ಲವೂ ಬೆಳ್ಳಗಿದ್ದವು.

"ಪುಕ್ಕಟೆ ಸಾರ್, ನೀವೂ ಒಸಿ ಬಳ್ಕೊಳ್ಳಿ," ಎಂದಳು ಸೊಣ್ಣಮ್ಮ.

ಎಲ್ಲರೂ ನಕ್ಕರು. ಮೂಲೆಯಲ್ಲಿದ್ದ ಅಮ್ಮಣ್ಣಿ ಮಾತ್ರ ತಲೆ ತಗ್ಗಿಸಿದಳು. ಅವನ ಕಣ್ಣು ಅಲ್ಲಿಗೇ ಹೋಯಿತು.

"ನಿಮ್ಮ ರೆಪ್ಪೆ ಮೇಲೂ ಇದೆ," ಎಂದ ಮೆಲ್ಲಗೆ. ಅವಳು ಕಣ್ಣು ಮಿಟುಕಿಸಿದಳು. ಪುಡಿ ಕೆನ್ನೆಗೆ ಉದುರಿತು. ಅವನು ನೋಡುತ್ತಲೇ ನಿಂತ.

ಅವನ ಜೊತೆ ಬಂದ ಡಾಕ್ಟರು ಮಾಲೀಕರ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಜೋರಾಗಿ ಕೆಮ್ಮುವವರನ್ನೆಲ್ಲ ಮಾಲೀಕರು ಅಂದು ಸಂಬಳ ಕೊಟ್ಟು ಮನೆಯಲ್ಲೇ ಉಳಿಸಿದ್ದರು. ಅಮ್ಮಣ್ಣಿಯನ್ನು ಸಾಕಿದ ಮುನಿಯಕ್ಕನೂ ಅವರಲ್ಲೊಬ್ಬಳು. ಬೆಳಿಗ್ಗೆ ಅವಳು ಗೋಡೆಗೊರಗಿ, ಉಸಿರು ಹಿಡಿದು ಹೇಳಿದ್ದಳು: "ನೀನಾದ್ರೂ ಹೇಳೇ ಕೂಸೇ. ಕೇಳಕ್ಕೇಂತ್ಲೇ ಬತ್ತಾವ್ರೆ."

"ನೋಡಿ ಅಮ್ಮಣ್ಣಿಯವರೇ," ಹೆಸರು ಕೇಳಿ ತಿಳಿದುಕೊಂಡ ಶ್ಯಾಮಸುಂದರ ಹೇಳಿದ, "ಇಲ್ಲಿನ ಕೆಲಸಗಾರರಿಗೆ ಕೆಮ್ಮಿನ ಕಾಯಿಲೆ ಜಾಸ್ತಿ, ಸಭೆಯಲ್ಲಿ ಚರ್ಚೆ ಆಗ್ಬೇಕು ಅಂತ ಒಬ್ಬರು ಶಾಸಕರು ಕೇಳಿದಾರೆ. ಮಂತ್ರಿಗಳು ಉತ್ತರ ಕೊಡ್ಬೇಕು. ನಿಮಗೆ ಕೆಮ್ಮು ಇದೆಯಾ?"

ಮಾತು ನಾಲಿಗೆಯ ತುದಿಗೆ ಬಂದಿತ್ತು. ಎದೆಯೊಳಗೆ ಗೀರಿದ ಹಾಗೆ ಕೆಮ್ಮೂ ಬಂದಿತ್ತು. ಆದರೆ ಇದುವರೆಗೆ ಯಾವ ಗಂಡಸೂ ಅವಳ ಹೆಸರಿಗೆ 'ಅವರೇ' ಎಂದು ಸೇರಿಸಿರಲಿಲ್ಲ. ಕೆಮ್ಮುವ ಹುಡುಗಿ ಇದ್ದಾಳೆಂದು ಗೊತ್ತಾದ ಮನೆಯ ಹೊಸ್ತಿಲನ್ನು ಗಂಡಿನ ಕಡೆಯವರು ತುಳಿಯುವುದಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಇಲ್ಲ ಸಾರ್. ಇಲ್ಲಿ ಯಾರ್ಗೂ ಇಲ್ಲ."

ಅವನ ಮುಖ ಅರಳಿತು. ಸುಳ್ಳಿಗೆ ಅಷ್ಟು ಬೆಳಕು ಸಿಗುತ್ತದೆಂದು ಅವಳು ಎಣಿಸಿರಲಿಲ್ಲ.

ಆಮೇಲೂ ಅವನು ಬರುತ್ತಿದ್ದ. ಇಲಾಖೆಯ ಕೆಲಸ ಎನ್ನುತ್ತಿದ್ದ. ಕೈಯಲ್ಲಿ ಕಾಗದವೇನೂ ಇರುತ್ತಿರಲಿಲ್ಲ.

"ಪುಡಿ ಒಯ್ಯಕ್ ಬಂದ್ರಾ ಸಾರ್, ಹುಡ್ಗೀನಾ?" ಸೊಣ್ಣಮ್ಮ ಕೇಳಿದರೆ ಅವನ ಕಿವಿ ಕೆಂಪಾಗುತ್ತಿತ್ತು.

ಗೇಟಿನ ಬಳಿ ಮಾತಾಡುವಾಗ ಅಮ್ಮಣ್ಣಿ ಚೊಂಬು ಹಿಡಿದೇ ನಿಲ್ಲುತ್ತಿದ್ದಳು. ಕೆಮ್ಮು ಬಂದಾಗಲೆಲ್ಲ ಒಂದು ಗುಟುಕು ನೀರು.

"ಎಷ್ಟು ನೀರು ಕುಡೀತೀರಿ ನೀವು!"

"ಬಾಯಾರ್ಕೆ," ಎಂದು ನಗುತ್ತಿದ್ದಳು.

ಒಂದು ದಿನ ವಿಧಾನಸಭೆಯ ಗ್ಯಾಲರಿಗೆ ಪಾಸು ತಂದುಕೊಟ್ಟ. "ಗುರುವಾರ ಮಂತ್ರಿಗಳು ಉತ್ತರ ಓದ್ತಾರೆ. ಅದರಲ್ಲಿರೋದು ನಿಮ್ಮ ಮಾತೇ. ಬಂದು ಕೇಳಿ. ಆಮೇಲೆ... ನಮ್ಮಮ್ಮನ್ನ ನಿಮ್ಮನೇಗೆ ಯಾವಾಗ ಕರ್ಕೊಂಡು ಬರ್ಲಿ, ಹೇಳಿ."

ಅವತ್ತು ಮುನಿಯಕ್ಕನಿಗೆ ಗಂಜಿ ಕುಡಿಸುವಾಗ ಅಮ್ಮಣ್ಣಿ ಪಾಸನ್ನು ಸೆರಗಿನ ಗಂಟಿನಲ್ಲಿ ಮುಚ್ಚಿಟ್ಟಿದ್ದಳು.

ಗುರುವಾರ ಮುಖ ಉಜ್ಜಿ ತೊಳೆದು, ನೀಲಿ ಸೀರೆಯುಟ್ಟು ಹೋದಳು. ಗ್ಯಾಲರಿಯಲ್ಲಿ ಸದ್ದು ಮಾಡುವಂತಿಲ್ಲ, ನೀರು ಒಯ್ಯುವಂತಿಲ್ಲ. ಕೆಳಗೆ ಅಧಿಕಾರಿಗಳ ಸಾಲಿನ ಹಿಂದೆ ಶ್ಯಾಮಸುಂದರ ಕೂತಿದ್ದ. ಕತ್ತೆತ್ತಿ ಹುಡುಕಿದ, ಅವಳು ಕಂಡಾಗ ನಕ್ಕ.

ಮಂತ್ರಿಗಳು ಎದ್ದರು. "ಪೀಣ್ಯದ ಗಿರಣಿಗಳಲ್ಲಿ ಅಂತಹ ಕಾಯಿಲೆ ಇರುವುದು ಸರ್ಕಾರದ ಗಮನಕ್ಕೆ ಬಂದಿಲ್ಲ. ಚರ್ಚೆಯ ಅಗತ್ಯ ಕಾಣುವುದಿಲ್ಲ."

ಚರ್ಚೆ ಕೇಳಿದ್ದ ಶಾಸಕರು ಎದ್ದು ನಿಂತರು. "ಯಾರನ್ನ ಕೇಳಿದ್ರಿ ಸ್ವಾಮಿ?"

"ಕೆಲಸಗಾರರನ್ನೇ ಕೇಳಿದ್ದೇವೆ."

ಗೋಡೆಗೊರಗಿದ ಮುನಿಯಕ್ಕ ಅಮ್ಮಣ್ಣಿಯ ಕಣ್ಮುಂದೆ ಬಂದಳು. ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆದರೂ ಕೆಮ್ಮು ಬಂತು. ಇಷ್ಟು ದಿನ ನೀರಿನಲ್ಲಿ ಮುಳುಗಿಸಿದ್ದೆಲ್ಲ ಒಟ್ಟಿಗೆ, ಮೈ ಬಗ್ಗಿಸಿ, ನಿಲ್ಲದೆ ಬಂತು. ಇಡೀ ಸಭೆ ಮೇಲೆ ನೋಡಿತು. ಕಾವಲಿನವರು ತೋಳು ಹಿಡಿದು ಹೊರಗೆ ನಡೆಸಿದರು. ಬಾಗಿಲಲ್ಲಿ ಅವಳು ತಿರುಗಿದಳು. ಶ್ಯಾಮಸುಂದರ ನಗುತ್ತಿರಲಿಲ್ಲ. ಒಂದು ಚೀಟಿಯಲ್ಲಿ ಏನೋ ಬರೆದು ಮಂತ್ರಿಗಳಿಗೆ ಕಳಿಸುತ್ತಿದ್ದ.

ಎಷ್ಟೋ ಹೊತ್ತಿನ ಮೇಲೆ ಹೊರಗಿನ ಮೆಟ್ಟಿಲಿಗೆ ಬಂದ. "ನನ್ನ ಸಾಕಿದ ಮುನಿಯಕ್ಕಂಗೆ ಇನ್ನೂ ಜಾಸ್ತಿ ಸಾರ್," ಎಂದಳು ಅಮ್ಮಣ್ಣಿ.

"ನಮ್ಮ ವರದಿ ತಪ್ಪು ಅಂತ ಬರೆದು ಕಳಿಸ್ದೆ. ಮತ್ತೆ ವಿಚಾರಿಸ್ತಾರೆ. ಚರ್ಚೆಗೂ ಒಪ್ಪಿದ್ರು. ಮುನಿಯಕ್ಕನ್ನ ನಾಳೇನೇ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ನೀವೂ ತೋರಿಸ್ಕೊಳ್ಳಿ."

"ನಿಮ್ಗೆ?"

"ನನ್ನನ್ನ ಎಲ್ಲಿಗೆ ಎತ್ತಿ ಹಾಕ್ತಾರೋ." ಅವಳ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತ. "ಯಾಕೆ ಹೇಳಲಿಲ್ಲ ಅಮ್ಮಣ್ಣಿ?"

"ಬೇರೆ ಯಾರೇ ಕೇಳಿದ್ರೂ ಹೇಳ್ತಿದ್ದೆ."

ಅವನು ಮುಖ ಆಚೆ ತಿರುಗಿಸಿದ. ಕಣ್ಣೊರೆಸಿಕೊಂಡದ್ದು ಅವಳಿಗೆ ಕಂಡಿತು.

"ನಿಮ್ಮಮ್ಮ ಬರಾದು ಬ್ಯಾಡ," ಎಂದಳು ಅವಳೇ. ಅವನಿಂದ ಆ ಮಾತು ಆಡಿಸಲು ಅವಳಿಗೆ ಮನಸ್ಸಿರಲಿಲ್ಲ. ಅವನು ಬಸ್ ನಿಲ್ದಾಣದವರೆಗೆ ಅವಳ ಜೊತೆ ನಡೆದ.

ಪೀಣ್ಯದ ಬಸ್ಸು ಬಂತು. ಕಿಟಕಿಯ ಪಕ್ಕ ಕೂತಳು. ಅವನು ಕೆಳಗೆ ನಿಂತು ಸರಳು ಹಿಡಿದ. "ಇನ್ಮೇಲೆ ನುಂಗಬೇಡಿ," ಎಂದ.

ಬಸ್ಸು ಹೊರಟಿತು. ಅವನು ಇನ್ನೂ ಕಾಣುತ್ತಿರುವಾಗಲೇ ಮತ್ತೆ ಕೆಮ್ಮು ಬಂತು. ಮೊದಲ ಸಲ ಅವಳು ಮುಖ ಮರೆಸಿಕೊಳ್ಳದೆ, ಅವನನ್ನೇ ನೋಡುತ್ತ ಕೆಮ್ಮಿದಳು.