ಅವನು ಕರೆಯದ ಹೆಸರು

"ಯಾರಾದ್ರೂ ಇದ್ದೀರಾ...? ದಯವಿಟ್ಟು ಬಾಗಿಲು ತೆಗೀರಿ!"

ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಲಿಫ್ಟಿನಲ್ಲಿ ಅವಳೊಬ್ಬಳೇ. ದೀಪ ಆರಿತ್ತು. ಕೈಯಲ್ಲಿದ್ದ ಡಬ್ಬಿಯೊಳಗೆ ಯಾರದೋ ಹಲ್ಲಿನ ಸೆಟ್ಟು ಕಟಕಟ ಅನ್ನುತ್ತಿತ್ತು.

ಕಟ್ಟಿಸಿಕೊಳ್ಳುವ ಹಲ್ಲು ಮಾಡುವುದು ಅವಳ ಕೆಲಸ. ಎಷ್ಟೋ ಅಜ್ಜ ಅಜ್ಜಿಯರ ನಗು ಅವಳ ಕೈಯಲ್ಲಿ ತಯಾರಾಗಿತ್ತು. ಆ ಹೊತ್ತು ಮಾತ್ರ ಅವಳ ಸ್ವಂತ ಹಲ್ಲುಗಳೇ ಒಂದಕ್ಕೊಂದು ಬಡಿಯುತ್ತಿದ್ದವು!

"ಬಾಗಿಲು ಮುಟ್ಬೇಡಿ." ಮೇಲಿನಿಂದ ಒಂದು ಗಂಡು ಧ್ವನಿ. "ಗೋಡೆಗೆ ಒರಗಿ ಕೂತ್ಕೊಳ್ಳಿ. ನಾನು ಲಿಫ್ಟ್ ರಿಪೇರಿಯವನು."

"ಇದು... ಬಿದ್ದುಹೋಗುತ್ತಾ?"

"ಬೀಳೋ ಹಾಗಿದ್ರೆ ನಾನು ಇದರ ತಲೆ ಮೇಲೆ ಹತ್ತಿ ಕೂರ್ತಿದ್ನಾ ಮೇಡಂ?"

ಅಳುವಿನ ನಡುವೆಯೂ ಅವಳಿಗೆ ನಗು ಬಂತು. ಬಾಗಿಲು ತೆರೆದಾಗ ಗ್ರೀಸ್ ಮೆತ್ತಿದ ಕೈಯೊಂದು ಅವಳತ್ತ ಚಾಚಿತ್ತು. ಹಿಡಿದವಳು ಮತ್ತೆ ಬಿಡಲಿಲ್ಲ ಅನ್ನಿ!

ಅವಳದು ಒಂದು ದೇಶ, ಅವನದು ಇನ್ನೊಂದು. ಇಬ್ಬರೂ ದುಡಿಯಲು ಬಂದದ್ದು ಮೂರನೆಯ ದೇಶದ ಈ ಊರಿಗೆ. ಮದುವೆಗೆ ಅವಳ ಕಡೆಯಿಂದ ಬರಲು ಯಾರೂ ಇರಲಿಲ್ಲ. ತಾಯಿ ತೀರಿಕೊಂಡಿದ್ದಳು. ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಆ ತಾಯಿ ಊರಿಗೆಲ್ಲ ಟೀಚರಮ್ಮ, ಮಗಳ ಬಾಯಲ್ಲೂ ಟೀಚರಮ್ಮ. ಆಕೆಯ ನಿಜವಾದ ಹೆಸರನ್ನು ಅಳಿಯ ಒಮ್ಮೆಯೂ ಕೇಳಿರಲಿಲ್ಲ.

ಅಲ್ಲೇ ನೋಡಿ ಎಡವಟ್ಟಾದದ್ದು.

ಮಗಳು ಹುಟ್ಟಿದಳು. ಆಸ್ಪತ್ರೆಯ ಮಂಚದ ಅಂಚಿನಲ್ಲಿ ಮಗುವನ್ನು ಎತ್ತಿಕೊಂಡು ಕುಳಿತಿದ್ದ ಗಂಡನನ್ನು ನೋಡಿ ಅವಳ ಕಣ್ಣು ತುಂಬಿತು.

"ಹೆಸರು ಆಯ್ತು ಕಣೋ. ನಮ್ಮಮ್ಮನದೇ."

"ಟೀಚರಮ್ಮ ಅಂತಲಾ? ಪಾಪ, ಹುಟ್ಟುತ್ತಲೇ ಕೆಲಸಕ್ಕೆ ಕಳಿಸ್ತೀಯಾ?"

ಅವಳು ನಕ್ಕು, ಅವನ ಕಿವಿಯ ಹತ್ತಿರ ಬಾಗಿ ಆ ಹೆಸರನ್ನು ಹೇಳಿದಳು.

ಅವನ ಮುಖದ ನಗು ಆರಿಹೋಯಿತು. ತುಟಿ ಬಿಳಿಚಿಕೊಂಡಿತು. ಮಗುವನ್ನು ಅವಳ ಪಕ್ಕದಲ್ಲಿ ಮಲಗಿಸಿ, "ಚೆನ್ನಾಗಿದೆ... ಟೀ ತರ್ತೀನಿ," ಅಂದವನು ಸಂಜೆಯಾದ ಮೇಲೆ ಬಂದ. ಟೀ ಇರಲಿಲ್ಲ.

ಅವಳ ದೇಶದಲ್ಲಿ ಅದು ತೀರಾ ಸಾಮಾನ್ಯ ಹೆಸರು. ಬೀದಿಯಲ್ಲಿ ನಿಂತು ಕೂಗಿದರೆ ನಾಲ್ಕು ಹುಡುಗಿಯರು ತಿರುಗಿ ನೋಡುತ್ತಾರೆ. ಇವನಿಗೇನಾಯಿತು? ಅವಳು ಅದನ್ನೇ ಬರೆಸಿ ಮಗುವಿನೊಂದಿಗೆ ಮನೆಗೆ ಬಂದಳು.

ಅವನು ಅಡುಗೆ ಮಾಡಿದ. ಮಗುವಿನ ಬಟ್ಟೆ ಒಗೆದ. ಆದರೆ ಮಗುವನ್ನು ಎತ್ತಿಕೊಳ್ಳಲಿಲ್ಲ. ಒಂದು ಸಲವೂ ಹೆಸರು ಹಿಡಿದು ಕರೆಯಲಿಲ್ಲ.

"ಹೆಸರು ಇಷ್ಟ ಆಗ್ಲಿಲ್ವಾ?"

"ಚೆನ್ನಾಗಿದೆ ಅಂದ್ನಲ್ಲ."

"ಹಾಗಾದ್ರೆ ಒಂದ್ಸಲ ಕರೆ."

"ಒಲೆ ಮೇಲೆ ಹಾಲಿದೆ..."

ಹಾಲು ಆಗಲೇ ಕಾದು ಆರಿತ್ತು. ಅವಳ ಎದೆಯೊಳಗೆ ಭಯ ಕಾಲು ಚಾಚಿ ಕುಳಿತಿತು. ಹೆಣ್ಣು ಅಂತ ಬೇಜಾರಾ? ನಮ್ಮ ಕಡೆಯ ಹೆಸರು ಅಂದ್ರೆ ನಾಚಿಕೆನಾ? ಅಥವಾ... ನಾನೇ ಸಾಕಾದ್ನಾ?

ಒಂದು ದಿನ ಕಪಾಟಿನ ಮೂಲೆಯಲ್ಲಿ ಬ್ಯಾಗೊಂದು ಕಂಡಿತು. ಜಿಪ್ ಎಳೆದಳು. ಮೇಲೆ ಮಗುವಿನ ಬಟ್ಟೆ, ಅದರಡಿ ಅವನ ಪಾಸ್‌ಪೋರ್ಟ್. ಕೆಳಗೆ ಇನ್ನೂ ಏನೇನೋ ಇತ್ತು. ನೋಡಲು ಧೈರ್ಯ ಸಾಲಲಿಲ್ಲ. ಬ್ಯಾಗನ್ನು ಇದ್ದ ಹಾಗೇ ಮುಚ್ಚಿ ನೆಲದ ಮೇಲೆ ಕುಸಿದಳು.

ಮಗುವನ್ನು ಕರ್ಕೊಂಡು ಹೋಗ್ತಾನೆ... ನನ್ನ ಬಿಟ್ಟು!

ಕೇಳಬಹುದಿತ್ತು. ಹೌದು ಅಂದುಬಿಟ್ಟರೆ? ಆ ಒಂದು ಮಾತಿಗೆ ಹೆದರಿ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಮಗುವನ್ನು ಪಕ್ಕದಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚದೆ ಕಾದಳು.

ಆದರೂ ಬಾಣಂತಿಯ ದೇಹ ಎಷ್ಟು ದಿನ ತಡೆದೀತು? ಮೋಡ ಕವಿದ ಒಂದು ಮಧ್ಯಾಹ್ನ ಅರಿವಿಲ್ಲದೆ ನಿದ್ದೆ ಹತ್ತಿತು. ಗಾಳಿಗೆ ಕಿಟಕಿ ಬಡಿದ ಸದ್ದಿಗೆ ಎದ್ದಳು.

ಮಗು ಇರಲಿಲ್ಲ. ಬ್ಯಾಗೂ ಇರಲಿಲ್ಲ!

"ಅಜ್ಜೀ! ನನ್ನ ಮಗು...!" ಪಕ್ಕದ ಮನೆಯ ಬಾಗಿಲು ಬಡಿದಳು.

"ನಿನ್ನ ಗಂಡ ಮಗು ಎತ್ಕೊಂಡು ಟೆರೇಸ್ ಕಡೆ ಹತ್ತಿದ ಕಣಮ್ಮ. ಕೂಗಿದ್ರೂ ತಿರುಗಿ ನೋಡ್ಲಿಲ್ಲ. ಮುಖ ನೋಡೋ ಹಾಗಿರ್ಲಿಲ್ಲ..."

ಟೆರೇಸ್! ಇಷ್ಟು ಗಾಳಿಯಲ್ಲಿ!

ಬರಿಗಾಲಲ್ಲಿ ಮೆಟ್ಟಿಲು ಹತ್ತಿ ಓಡಿದಳು. ಒಂದು ಕಡೆ ಎಡವಿ ಮೊಣಕಾಲು ತರಚಿತು. ನೋವೂ ಗೊತ್ತಾಗಲಿಲ್ಲ. ದೇವರೇ, ನನ್ನ ಮಗು... ಅವನು ಏನೂ ಮಾಡದೆ ಇರಲಿ...

ಟೆರೇಸಿನಲ್ಲಿ ಯಾರೂ ಕಾಣಲಿಲ್ಲ. ಲಿಫ್ಟಿನ ಮೋಟರ್ ಇರುವ ಚಿಕ್ಕ ಕೋಣೆಯ ಬಾಗಿಲು ಮಾತ್ರ ತೆರೆದಿತ್ತು.

ಒಳಗೆ ಅವನು ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದ. ಎದೆಗೆ ಬಟ್ಟೆಯಿಂದ ಬಿಗಿಯಾಗಿ ಕಟ್ಟಿಕೊಂಡ ಮಗು ಹಾಯಾಗಿ ನಿದ್ರಿಸುತ್ತಿತ್ತು. ಅವನು ಗಡಗಡ ನಡುಗುತ್ತಿದ್ದ.

"ನೀರು ಬಂತಾ?" ಅಂತ ಕೇಳಿದ.

"ಯಾವ ನೀರು? ಏನಾಗಿದೆ ನಿಂಗೆ! ನನ್ನ ಬಿಟ್ಟು ಎಲ್ಲಿಗೆ ಹೊರಟಿದ್ದೆ?"

"ಬಿಟ್ಟಾ...?" ಅವನು ತಬ್ಬಿಬ್ಬಾದ. "ಗಾಳಿ ಎದ್ದದ್ದು ನೋಡಿ ಇವಳನ್ನ ಎತ್ಕೊಂಡು ಓಡಿ ಬಂದೆ. ನಿನ್ನ ಎಬ್ಬಿಸೋಕೆ ಮತ್ತೆ ಕೆಳಗೆ ಬರೋಣ ಅಂದ್ಕೊಂಡೆ. ಇವಳನ್ನ ಇಲ್ಲಿ ಇಳಿಸೋಕೆ ಕೈ ಬರ್ಲಿಲ್ಲ, ಎತ್ಕೊಂಡು ಕೆಳಗಿಳಿಯೋಕೆ ಕಾಲು ಬರ್ಲಿಲ್ಲ."

ಅವಳು ಅವನ ಪಕ್ಕದಲ್ಲಿದ್ದ ಬ್ಯಾಗನ್ನು ನೆಲಕ್ಕೆ ಸುರಿದಳು. ಅವಳ ಪಾಸ್‌ಪೋರ್ಟ್. ಅವಳ ಮಾತ್ರೆಗಳು. ಅವಳ ಶಾಲು. ಹಗ್ಗ, ಟಾರ್ಚ್, ಕುಡಿಯುವ ನೀರು.

ಅವಳು ತನ್ನ ಶಾಲನ್ನು ಎತ್ತಿಕೊಂಡು ಅವನನ್ನೇ ನೋಡಿದಳು.

"ನಮ್ಮ ಕಡೆ ಚಂಡಮಾರುತಕ್ಕೆ ಹೆಸರಿಡ್ತಾರೆ," ಅವನು ತೊದಲಿದ. "ನಾನು ಚಿಕ್ಕವನಿದ್ದಾಗ ಬಂದದ್ದಕ್ಕೆ... ನಿನ್ನಮ್ಮನ ಹೆಸರು. ನೀರು ಮನೆಯೊಳಗೆ ನುಗ್ಗಿತು. ನನ್ನ ತಂಗಿ ಕೈ ನನ್ನ ಕೈಯಲ್ಲಿತ್ತು ಕಣೇ... ಗಟ್ಟಿಯಾಗೇ ಹಿಡಿದಿದ್ದೆ..."

ಅವನು ಖಾಲಿ ಅಂಗೈ ಬಿಡಿಸಿ ನೋಡಿಕೊಂಡ.

"ಮೊದಲೇ ಯಾಕೆ ಹೇಳ್ಲಿಲ್ಲ?"

"ನಿನ್ನಮ್ಮನ ಹೆಸರು ಕೇಳಿದ್ರೆ ನಮ್ಮ ಜನ ಬೆಚ್ಚಿಬೀಳ್ತಾರೆ ಅಂತ ನಿಂಗೆ ಹೇಗೆ ಹೇಳ್ಲಿ? ನಿಂಗಿರೋದು ಅದೊಂದೇ ನೆನಪು. ಇವಳನ್ನ ಎತ್ಕೊಂಡ್ರೆ ಕೈ ಜಾರುತ್ತೆ ಅಂತ ಭಯ... ಎತ್ಕೊಳ್ಳದೆ ಇದ್ರೂ ಭಯ."

ಅವಳು ಅವನ ಪಕ್ಕದಲ್ಲಿ ಕುಳಿತು ಅಳುತ್ತಲೇ ಅವನ ತಲೆಯನ್ನು ಭುಜಕ್ಕೆ ಎಳೆದುಕೊಂಡಳು. ಛೆ, ಎಂಥ ಮನುಷ್ಯನನ್ನು ಏನೆಂದುಕೊಂಡೆ! ಹೊರಗೆ ಗಾಳಿ ಇನ್ನೂ ಅಬ್ಬರಿಸುತ್ತಿತ್ತು.

"ಬದಲಾಯಿಸೋಣ. ನಿನ್ನ ತಂಗಿ ಹೆಸರಿಡೋಣ," ಅಂದಳು. ಅಮ್ಮನ ಹೆಸರು ಬಿಟ್ಟುಕೊಡುವುದು ಸುಲಭವಿರಲಿಲ್ಲ, ಆದರೂ ಮನಸಾರೆ ಹೇಳಿದಳು. "ನೀನು ಹೆದರೋ ಹೆಸರು ನಮ್ಮಮ್ಮನಿಗೂ ಬೇಡ."

ಅವನು ಬಾಗಿ ಮಗುವಿನ ಮುಖ ನೋಡಿದ.

"ಬೇಡ ಕಣೇ."

"ಹಠ ಮಾಡ್ಬೇಡ. ಊರಲ್ಲಿ ನಿನ್ನ ಅಮ್ಮ ಇದ್ದಾರೆ. ಅವರು ಕೇಳಿದ್ರೆ?"

"ಅಳ್ತಾಳೆ. ನಾನೇ ಹೇಳ್ತೀನಿ. ಅತ್ತು ಮುಗಿದ ಮೇಲೆ ಮೊಮ್ಮಗಳ ಮುಖ ನೋಡ್ತಾಳೆ." ಅವನು ಮಗುವಿನ ತಲೆ ಸವರಿದ. "ಅಲ್ಲಿ ಆ ಹೆಸರು ಕೇಳಿದ್ರೆ ಎಲ್ಲರೂ ಓಡಿಹೋಗ್ತಾರೆ. ನಾನೂ ಇಷ್ಟು ವರ್ಷ ಓಡಿದೆ. ಸಾಕು... ನಾನು ಆ ಹೆಸರು ಕೂಗಿದ್ರೆ ಒಂದು ಮಗು ನಗ್ತಾ ನನ್ನ ಕಡೆ ಓಡಿ ಬರ್ಬೇಕು."

"ಕರೀತೀಯಾ?"

"ಭಯ ಆಗ್ತಿದೆ."

"ನಂಗೂ. ಕೈ ಕೊಡು."

ಅವಳ ಬೆರಳುಗಳನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ಅವನು ಮಗಳ ಹೆಸರನ್ನು ಮೊದಲ ಸಲ ಕರೆದ. ಧ್ವನಿ ಅರ್ಧದಲ್ಲೇ ಒಡೆಯಿತು.

ಮಗು ಮುಖ ಸಿಂಡರಿಸಿ, ಒಂದು ಆಕಳಿಕೆ ತೆಗೆದು ಮತ್ತೆ ಮಲಗಿತು.

"ಕೇಳಿಸ್ಲಿಲ್ಲ ಅನ್ಸುತ್ತೆ," ಅವನು ಅಳುತ್ತಳುತ್ತ ನಕ್ಕ.

"ನಂಗೆ ಕೇಳಿಸ್ತು," ಅವಳು ಅವನ ಕೆನ್ನೆ ಒರೆಸಿದಳು. "ಇನ್ನೊಂದ್ಸಲ ಕರೆ."