ಎರಡು ಹೆಸರಿನ ಬೋಲ್ಡ್ ಇಟ್ಯಾಲಿಕ್

"ಇಷ್ಟ ದಪ್ಪ ಅಕ್ಷರ ಹಾಕಬ್ಯಾಡ್ರಿ, ಮಸಿ ತುಂಬತೈತಿ!"

ಸೊಲ್ಲಾಪುರ ರಸ್ತೆಯ ಮದುವೆ ಕಾರ್ಡಿನ ಪ್ರೆಸ್ಸಿಗೆ ಟಿಕೋಟಾದಿಂದ ಬಂದ ಹೊಸ ಮಷಿನ್‌ಮ್ಯಾನ್ ಆಫ್ತಾಬ, ಮೊದಲ ದಿನವೇ ಡಿಟಿಪಿ ಮಾಡುವ ನಿಖತಳ ಮೇಲೆ ಹರಿಹಾಯ್ದಿದ್ದ.

"ಹೆಸರಿಗೆ ಇದೇ ಬೇಕ್ರಿ!" ಅವಳೂ ಬಿಡಲಿಲ್ಲ.

ಇಂಗ್ಲಿಷಿನ ಆ ಬೋಲ್ಡ್ ಇಟ್ಯಾಲಿಕ್ ಅಕ್ಷರ ದಪ್ಪ, ಬಲಕ್ಕೆ ಬಾಗಿದ್ದು, ತುದಿಗೆ ಪುಟ್ಟ ಪುಟ್ಟ ಕಾಲು. ವಿಳಾಸಕ್ಕೆ ಹಾಕಿದರೆ ಓದಲು ತ್ರಾಸು, ಊಟದ ಸಮಯದ ಸಾಲಿಗೆ ಹಾಕಿದರೆ ಅತಿಯಾಯಿತು. ಇಡೀ ಕಾರ್ಡಿನಲ್ಲಿ ಅದಕ್ಕೆ ಎರಡೇ ಜಾಗ... ವಧುವಿನ ಹೆಸರು, ವರನ ಹೆಸರು.

ಆಮೇಲೆ ಕಾರ್ಡಿಗೊಂದು ಜಗಳ. ಜಗಳ ಯಾವಾಗ ಪ್ರೀತಿಯಾಯಿತೋ! ಎರಡು ವರ್ಷವಾದರೂ ಪುಣ್ಯಾತ್ಗಿತ್ತಿ ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಅವಳ ತಾಯಿ ಮದೀನಾಬಿ ಬಬಲೇಶ್ವರದ ನಾಸೀರನೊಂದಿಗೆ ಮದುವೆ ಗೊತ್ತು ಮಾಡಿದಳು. ನಿಖತಳನ್ನು ಯಾರೂ ಕೇಳಲಿಲ್ಲ. ಅವಳೇ ಒಪ್ಪಿದ್ದಾಳೆಂದುಕೊಂಡ ಆಫ್ತಾಬ "ಮುಬಾರಕ್ ರೀ" ಎಂದು ಮಷಿನ್ ಕಡೆ ತಿರುಗಿಬಿಟ್ಟ.

'ಇಷ್ಟೇನಾ ಇವನಿಗೆ ನಾನು?' ಎಂದುಕೊಂಡಳು ನಿಖತ.

ಮಾಲೀಕ ಮಲ್ಲಿಕಸಾಬರು ಅಕ್ಕರೆಯಿಂದಲೇ ಅಂದರು, "ನಿನ್ನ ಕಾರ್ಡ ನೀನ ಮಾಡವ್ವಾ, ನನ್ನ ಕಡಿಂದ ಉಡುಗೊರಿ!"

ಡಿಟಿಪಿಯ ಗಾಜಿನ ಕೋಣೆಯಲ್ಲಿ ನಿಖತ ಕಂಪ್ಯೂಟರಿನ ಮುಂದೆ ಕುಳಿತಳು. 'ಬೋನಿಗೆ ನನ್ನ ಕೈಯಿಂದಲೇ ಬೀಗ ಹಾಕಿಕೊಳ್ಳಬೇಕಾ... ಯಾ ಅಲ್ಲಾ!' ನಾಸೀರನ ಪಕ್ಕದಲ್ಲಿ ತನ್ನ ಹೆಸರನ್ನು ದಪ್ಪ ಮಾಡಲು ಬೆರಳು ಒಪ್ಪಲಿಲ್ಲ. ಎಲ್ಲವನ್ನೂ ನೆಟ್ಟಗಿನ ತೆಳು ಅಕ್ಷರದಲ್ಲೇ ಬಿಟ್ಟು ಪ್ರೂಫ್ ತೆಗೆದಳು.

ಮರುದಿನ ಪ್ರೂಫ್ ನೋಡಲು ಮದೀನಾಬಿ ಬಂದಳು. ಅವಳಿಗೆ ಇಂಗ್ಲಿಷ್ ಬಾರದು. ಆದರೆ ಮಗಳು ಮನೆಗೆ ತಂದ ಕಾರ್ಡುಗಳನ್ನು ನೋಡಿ ನೋಡಿ, ಹೆಸರು ಹೇಗಿರುತ್ತದೆಂದು ಚೆನ್ನಾಗಿ ಗೊತ್ತು.

"ಹೆಸರ ಎಲ್ಲಿ ಅದಾವ ಬೇಟಿ?"

"ಇಲ್ಲೇ ಅದಾವಲ್ಲ ಅಮ್ಮೀ..."

"ಊರ ಮಂದಿ ಹೆಸರೆಲ್ಲಾ ದಪ್ಪ ಹಾಕ್ತಿ. ನಿಂದ್ಯಾಕ ಹಿಂಗ ಸೊರಗೇತಿ?"

ನಿಖತಳ ಕಣ್ಣು ತುಂಬಿ ಬಂತು. ಪ್ರೂಫ್ ಒಯ್ಯಲು ಬಂದಿದ್ದ ಆಫ್ತಾಬ ಬಾಗಿಲಲ್ಲೇ ನಿಂತ.

"ಎರಡ ವರ್ಷದಾಗ ಈಕಿ ಒಂದ ಸಲಾನೂ ಹಿಂಗ ಮಾಡಿಲ್ರಿ ಖಾಲಾ. ನಾ ಇದನ್ನ ಮಷಿನ್ನಿಗೆ ಏರಸೂದಿಲ್ಲ!" ಎಂದ.

ಮದೀನಾಬಿ ಮಗಳ ಗದ್ದ ಹಿಡಿದೆತ್ತಿದಳು. "ನಾಸೀರ ಬ್ಯಾಡೇನ?"

ಕೊನೆಗೂ ಒಬ್ಬರು ಕೇಳಿದ್ದರು!

"ಬ್ಯಾಡ ಅಮ್ಮೀ..."

"ಮತ್ತ್ಯಾರು?"

ನಿಖತ ಕಂಪ್ಯೂಟರಿಗೆ ತಿರುಗಿದಳು. ನಾಸೀರನ ಹೆಸರು ಅಳಿಸಿ ಇನ್ನೊಂದು ಹೆಸರು ಒತ್ತಿದಳು. ಎರಡನ್ನೂ ದಪ್ಪ ಮಾಡಿದಳು, ಬಾಗಿಸಿದಳು, ಪರದೆಯನ್ನು ತಾಯಿಯ ಕಡೆ ತಿರುಗಿಸಿದಳು.

"ನನಗೆಲ್ಲಿ ಓದಾಕ ಬರತೈತಿ? ಯಾರ ಹೆಸರಪಾ ಅದು, ಓದು," ಎಂದಳು ತಾಯಿ ಆಫ್ತಾಬನಿಗೆ.

ಅವನು ಓದಿದ. ಮತ್ತೆ ಓದಿದ.

"ನಂದ್ರಿ ಖಾಲಾ... ಇಷ್ಟ ದಿನ ನನಗೂ ಬಾಯಿ ಬರಲಿಲ್ರಿ."

ಮದೀನಾಬಿ ಇಬ್ಬರನ್ನೂ ದಿಟ್ಟಿಸಿದಳು. ಆಮೇಲೆ ಹಳೆಯ ಪ್ರೂಫ್ ಮಡಚಿ ಚೀಲಕ್ಕೆ ಹಾಕಿದಳು. "ಬಬಲೇಶ್ವರಕ್ಕ ನಾನ ಹೋಗಿ ಹೇಳ್ತೀನಿ. ಬೈಸಿಕೊಳ್ಳೂದು ನನಗಿರ್ಲಿ."

ಅವಳು ಹೊರಟ ಮೇಲೆ ಆಫ್ತಾಬ ಮೆಲ್ಲನೆ ಅಂದ, "ಇಷ್ಟ ದಪ್ಪ ಹಾಕೀರಿ... ಮಸಿ ತುಂಬತೈತಲ್ರಿ?"

"ತುಂಬಲಿ," ಕಣ್ಣೊರೆಸಿಕೊಂಡು ನಕ್ಕಳು ನಿಖತ. "ಒರಸಾಕ ನೀವಿದ್ದೀರಲ್ಲ!"